ಹೊತ್ತು ಮುಳುಗದ ಊರಿನಲ್ಲಿ ಅವ್ವನ ಉಪವಾಸ

ಚೋರ್ಲಾ ಘಾಟ್ ಬಿಟ್ಟು

ಬೆಳಗಾವಿಯವನೊಬ್ಬ ಸಮುದ್ರ ನೋಡಲು ಪರದೇಶಕ್ಕೆ ಹೊರಟಿದ್ದಾನೆ ಎಂದರೆ ಊರಿನವರು ಮೊದಲು ಅವನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಮುಂಜಾನೆ ಅವಲಕ್ಕಿ ತಿಂದು ಚೋರ್ಲಾ ಘಾಟ್ ಇಳಿದರೆ ಮಧ್ಯಾಹ್ನದೊಳಗೆ ಗೋವೆಯ ಸಮುದ್ರದಲ್ಲಿ ಕಾಲು ತೊಳೆದುಕೊಳ್ಳಬಹುದು. ರಾತ್ರಿ ತಿರುಗಿ ಬಂದು ನಮ್ಮ ಹಾಸಿಗೆಯಲ್ಲೇ ಮಲಗಬಹುದು. ಅಂಥದ್ದರಲ್ಲಿ ನಾನು ಭೂಮಿಯ ನೆತ್ತಿಗೆ ಹತ್ತಿರವಿರುವ ನಾರ್ವೆ ದೇಶದ ಕರಾವಳಿಗೆ ಟಿಕೆಟ್ ತೆಗೆಸಿದೆ. ಯಾಕೆಂದು ಕೇಳಿದವರಿಗೆಲ್ಲ ನಿಸರ್ಗ ಸೌಂದರ್ಯ ಎಂದೆ, ಶುದ್ಧ ಗಾಳಿ ಎಂದೆ. ಎರಡೂ ಸುಳ್ಳು. ನಿಜವಾದ ಕಾರಣ ಊಟ.

ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ನಿಯಮ ಒಳ್ಳೆಯದೇ, ಆದರೆ ನಾನು ಹಲ್ಲಿನ ಡಾಕ್ಟರ. ಮಹಾಂತೇಶ ನಗರದ ನನ್ನ ದವಾಖಾನೆಗೆ ಜನ ಬರುವುದೇ ಸಂಜೆ. ಆಕಾಶ ಕೆಂಪಾಗುತ್ತಿದ್ದಂತೆ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ "ಔಷಧ ಹತ್ತಲಿ, ಹಂಗ ಇರ್ರಿ" ಎಂದು ಹೇಳಿ ಒಳಗೆ ಹೋಗಿ ನಿಂತುಕೊಂಡೇ ನಾಲ್ಕು ರೊಟ್ಟಿ ನುಂಗಿ ಬರುತ್ತೇನೆ. ಅವರಿಗೆ ಹಾಗಲಕಾಯಿ ಪಲ್ಯದ ವಾಸನೆ ಬರುತ್ತದೆ, ಬಾಯಿಯಲ್ಲಿ ಹತ್ತಿ ಇರುವುದರಿಂದ ಕೇಳಲು ಆಗುವುದಿಲ್ಲ. ಇಷ್ಟಾದರೂ ಮನೆಗೆ ಬರುವ ಹೊತ್ತಿಗೆ ನನಗೆ ಮತ್ತೆ ಹಸಿವು. ಓಣಿಯ ಮನೆಗಳಿಂದ ಒಗ್ಗರಣೆಯ ಘಮ. ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಬಾಜೂಕ್ಕೆ ಅವ್ವ ಜಪಮಾಲೆ ಹಿಡಿದು ಕೂತಿರುತ್ತಾಳೆ. ಐವತ್ತು ದಾಟಿದ ಮಗ ಆ ಕಡೆ ಹೆಜ್ಜೆ ಇಟ್ಟರೆ ಒಮ್ಮೆ ಕೆಮ್ಮುತ್ತಾಳೆ. ಅಷ್ಟೇ ಸಾಕು.

ಹೀಗಿರುವಾಗ ದವಡೆ ಹಲ್ಲಿಗೆ ಸಿಮೆಂಟು ತುಂಬಿಸಿಕೊಳ್ಳಲು ಬಂದವರೊಬ್ಬರು, ನಾರ್ವೆಯ ಉತ್ತರಕ್ಕೆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದರು. ನನ್ನ ಕೈ ಅಲ್ಲೇ ನಿಂತಿತು. ಸೂರ್ಯ ಮುಳುಗುವುದಿಲ್ಲ. ಅಂದರೆ ರಾತ್ರಿ ಹನ್ನೊಂದಕ್ಕೂ ಉಣ್ಣಬಹುದು, ಎರಡಕ್ಕೂ ಉಣ್ಣಬಹುದು, ನಿಯಮ ಒಂದಿಷ್ಟೂ ಮುರಿಯುವುದಿಲ್ಲ. ಆ ಪುಣ್ಯಾತ್ಮನ ಹಲ್ಲಿಗೆ ಅವತ್ತು ಸ್ವಲ್ಪ ಜಾಸ್ತಿಯೇ ಸಿಮೆಂಟು ಬಿತ್ತು.

ನಾನು ಮತ್ತು ನನ್ನ ಹೆಂಡತಿ ಪದ್ಮಜಾ ಇಬ್ಬರೇ ಹೋಗುವುದೆಂದು ಠರಾಯಿಸಿದ್ದೆವು. ಅವ್ವ ತನ್ನ ತವರಾದ ಖಾನಾಪುರಕ್ಕೆ ಹೋಗಿ ತಮ್ಮನ ಮನೆಯಲ್ಲಿ ಇರಬೇಕಿತ್ತು. ಆದರೆ ಎಪ್ಪತ್ತನಾಲ್ಕು ವರ್ಷದ ಅವ್ವನಿಗೆ ನನ್ನ ಮುಖ ನೋಡಿದರೆ ಹೊಟ್ಟೆಯೊಳಗಿನದು ಗೊತ್ತಾಗುತ್ತದೆ. "ಅಲ್ಲೆ ನೀ ಏನ್ ತಿಂತಿ, ಯಾವಾಗ ತಿಂತಿ, ಯಾರ ನೋಡವರು? ನಾನೂ ಬರತೀನಿ" ಎಂದು ಪಾಸ್‌ಪೋರ್ಟಿನ ಫೋಟೋಕ್ಕೆ ಇಳಕಲ್ ಸೀರೆ ಉಟ್ಟು ತಯಾರಾದಳು.

ಕೆಂಪು ಮನೆ

ನಾವು ಇಳಿದ ಊರಿನ ಹೆಸರು ಬರೆಯುವುದಿಲ್ಲ. ಉಚ್ಚರಿಸಲು ಹೋದರೆ ಎರಡು ಹಲ್ಲು ಸಡಿಲಾಗುತ್ತವೆ, ಇದನ್ನು ವೃತ್ತಿಯ ಅನುಭವದಿಂದ ಹೇಳುತ್ತಿದ್ದೇನೆ. ಕಡಲೊಳಗಿಂದ ನೆಟ್ಟಗೆ ಎದ್ದ ಕಪ್ಪು ಗುಡ್ಡಗಳು, ಬುಡದಲ್ಲಿ ಒಂದಿಷ್ಟು ಮನೆ, ಮನೆಗಿಂತ ಹೆಚ್ಚು ದೋಣಿ. ನಮ್ಮದು ನೀರಿನಲ್ಲಿ ಮರದ ಕಂಬ ನಿಲ್ಲಿಸಿ ಅದರ ಮೇಲೆ ಕಟ್ಟಿದ ಕೆಂಪು ಮನೆ. ಚಿತ್ರ ನೋಡಿ ಪದ್ಮಜಾ ತಕ್ಷಣ ಒಪ್ಪಿದ್ದಳು. ಚಿತ್ರಕ್ಕೆ ವಾಸನೆ ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅದು ಹಿಂದೆ ಮೀನುಗಾರರು ಇರುತ್ತಿದ್ದ ಮನೆ. ಹಿತ್ತಲಲ್ಲಿ ಮೀನು ಒಣಹಾಕುವ ದೊಡ್ಡ ಹಂದರ. ಹಂಗಾಮು ಮುಗಿದಿದ್ದರಿಂದ ಹಂದರ ಬಹುಪಾಲು ಖಾಲಿಯಾಗಿತ್ತು, ಮೂಲೆಯಲ್ಲಿ ಮಾತ್ರ ಒಂದಿಷ್ಟು ತಲೆಗಳು ಇನ್ನೂ ತೂಗಾಡುತ್ತಿದ್ದವು. ಮೀನಿನ ಮಾತು ಹಾಗಿರಲಿ, ನೆಲದೊಳಗೆ ಬೆಳೆಯುತ್ತದೆಂದು ಉಳ್ಳಾಗಡ್ಡಿಯನ್ನೂ ಮುಟ್ಟದವಳು ಅವ್ವ.

"ಅದೇನ್ ಒಣಗಸ್ಯಾರೊ ಅಲ್ಲೆ?" ಎಂದು ಕೇಳಿದಳು.

"ಬಟ್ಟಿ ಅವ್ವ. ಒಗದ ಹಾಕ್ಯಾರ."

ಅವ್ವ ಮೂಗಿಗೆ ಸೆರಗು ಹಿಡಿದಳು. "ನನ್ನ ಕಣ್ಣಿಗೆ ಪೊರಿ ಬಂದತಿ ಸುಕ್ಯಾ. ಮೂಗಿಗಿ ಬಂದಿಲ್ಲ."

ಅಂದವಳೇ ಹಿತ್ತಲಿಗೆ ಬೆನ್ನು ತಿರುಗಿಸಿ ಕಡಲ ಕಡೆಗೆ ಕಿಟಕಿ ಇದ್ದ ಕೋಣೆ ಹಿಡಿದಳು. ಆಮೇಲೆ ಮರಳಿ ಬರುವವರೆಗೂ ಹಿತ್ತಲ ಬಾಗಿಲನ್ನು ಅವಳು ತೆರೆಯಲಿಲ್ಲ.

ಮನೆಯ ಒಡತಿ ಬೆರಿತ್ ಬಾಜೂ ಮನೆಯಲ್ಲಿ ಇದ್ದಳು. ಅರವತ್ತು ದಾಟಿದ, ಗಾಳಿಗೆ ಮುಖ ಕೆಂಪಾದ ಗಟ್ಟಿ ಹೆಂಗಸು. ಇಂಗ್ಲಿಷ್ ಬಲ್ಲಳು, ಆದರೆ ಒಂದೊಂದು ಮಾತನ್ನೂ ತಕ್ಕಡಿಗೆ ಹಾಕಿ ತೂಗಿದ ಮೇಲೆ ಆಡುವವಳು. ನಾನು ಏನು ಕೇಳಿದರೂ ಹಲ್ಲಿನ ಸಂದಿಯಿಂದ ಸರ್ರೆಂದು ಗಾಳಿ ಒಳಗೆಳೆದುಕೊಂಡು ಸುಮ್ಮನಾಗುತ್ತಿದ್ದಳು. ಬಿಸಿನೀರು ಬರುತ್ತದೆಯೇ? ಸರ್ರ್. ಅಂಗಡಿ ಹತ್ತಿರವೇ? ಸರ್ರ್. ಹುಳುಕು ಹಲ್ಲಿಗೆ ತಣ್ಣೀರು ತಾಗಿದವರು ಮಾಡುವ ಸದ್ದು ಅದು, ನನಗೆ ಚೆನ್ನಾಗಿ ಗೊತ್ತು. ರಜೆಯಲ್ಲಿದ್ದರೂ ಡಾಕ್ಟರ ಡಾಕ್ಟರನೇ. ಜೇಬಿನಿಂದ ಟಾರ್ಚು ತೆಗೆದು, ಬಾಯಿ ತೆರೆಯಿರಿ, ಎಡಗಡೆಯೋ ಬಲಗಡೆಯೋ ಎಂದು ಕೇಳಿದೆ. ಪಾಪ, ಬಾಯಿ ತೆರೆದಳು. ಮೂವತ್ತೆರಡೂ ಹಲ್ಲು ಕಲ್ಲಿನಂತೆ ಇದ್ದವು. ಆಮೇಲೆ ತಿಳಿಯಿತು, ಆ ಕಡೆಯ ಜನ ಹೌದು ಎನ್ನುವುದೇ ಹಾಗೆ, ಉಸಿರನ್ನು ಒಳಗೆ ಎಳೆದುಕೊಂಡು. ಮಾತಿಗೆ ಖರ್ಚಾಗುವ ಗಾಳಿಯನ್ನೂ ಉಳಿತಾಯ ಮಾಡುವ ಮಂದಿ.

ಅವ್ವನದು ಬೇರೆ ಪದ್ಧತಿ. ಖಾನಾಪುರದಲ್ಲಿ ಬೆಳೆದವಳ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಥರದ ಜನ. ಕನ್ನಡ ತಿಳಿಯದವರಿಗೆ ಮರಾಠಿ ತಿಳಿದೇ ತಿಳಿಯುತ್ತದೆ. ಬೆರಿತ್‌ಗೆ ಕನ್ನಡ ಹತ್ತಲಿಲ್ಲ ಎಂದ ಕೂಡಲೆ "ಬಸಾ, ಬಸಾ. ಜೇವಣ ಝಾಲ ಕಾ?" ಎಂದು ಕೈಹಿಡಿದು ಕೂರಿಸಿ ಊಟದ ವಿಚಾರಣೆ ಶುರುಮಾಡಿದಳು. ಬೆರಿತ್ ಸರ್ರ್ ಎಂದಳು. "ನೋಡು, ತಿಳೀತು ಆಕಿಗೆ" ಎಂದು ಅವ್ವ ನನ್ನ ಕಡೆ ತಿರುಗಿದಳು. ಅಂದಿನಿಂದ ಅವರಿಬ್ಬರೂ ನನ್ನ ಸಹಾಯವಿಲ್ಲದೆ ತಾಸುಗಟ್ಟಲೆ ಕೂರುತ್ತಿದ್ದರು. ಒಬ್ಬಳು ಮರಾಠಿ ಆಡುತ್ತಿದ್ದಳು, ಒಬ್ಬಳು ಉಸಿರು ಎಳೆಯುತ್ತಿದ್ದಳು.

ಇನ್ನು ನನ್ನ ಊಟ. ಮೊದಲ ರಾತ್ರಿ ಹತ್ತು ಗಂಟೆಯಾದರೂ ಹೊರಗೆ ಬೆಳಕೋ ಬೆಳಕು. ಗಂಟು ಬಿಚ್ಚಿ ಕಡಕ್ ರೊಟ್ಟಿ, ಹಚ್ಚಿಕೊಳ್ಳಲು ಅಗಸಿ ಹಿಂಡಿ, ಸಿಹಿಗೆ ಕುಂದಾದ ಡಬ್ಬಿ ಎಲ್ಲ ಹರವಿಕೊಂಡೆ. ಅವ್ವ ಎದುರಿಗೆ ಬಂದು ನಿಂತಳು.

"ಏನ್ ನಡಸೀ?"

"ಹೊತ್ತ ಮುಳಗಿಲ್ಲವ್ವ. ಉಣ್ಣಾಕ ಅಡ್ಡಿ ಇಲ್ಲ."

"ಎಲ್ಲೈತಿ ಹೊತ್ತು? ತೋರಸು."

ಆಕಾಶದ ತುಂಬ ಮೋಡ. ಮೋಡದ ಹಿಂದೆ ಇದೆ ಎಂದೆ.

"ಖಾನಾಪುರದಾಗ ಮಳಿಗಾಲದಾಗ ವಾರಗಟ್ಟಲೆ ಸೂರ್ಯಾನ ಮಾರಿ ಕಾಣಂಗಿಲ್ಲ. ಅವಾಗೇನ್ ಮಾಡತೀವಿ? ಗಡಿಯಾರ ನೋಡತೀವಿ. ಗಡಿಯಾರದಾಗ ಏಳ ದಾಟಿ ಎಷ್ಟೊತ್ತಾತು. ತಾಟ ಒಳಗಿಡು."

ತಾಟು ಒಳಗೆ ಹೋಯಿತು. ಹೀಗೇ ದಿನಗಳು ಹೋದವು, ಮೋಡ ಮಾತ್ರ ಹೋಗಲಿಲ್ಲ. ಊರಲ್ಲಾದರೆ ಕತ್ತಲಲ್ಲಿ ಹಸಿದು ಮಲಗುತ್ತಿದ್ದೆ, ಇಲ್ಲಿ ಬೆಳಕಿನಲ್ಲಿ ಹಸಿದು ಮಲಗಿದೆ. ನಿದ್ದೆಯೂ ಬರಲಿಲ್ಲ. ಕಿಟಕಿಗೆ ಪದ್ಮಜಾಳ ಶಾಲನ್ನು ಪಿನ್ನು ಚುಚ್ಚಿ ಕಟ್ಟಿದೆವು, ಅದು ನನ್ನ ಮುಖದ ಮೇಲೆ ಬಿತ್ತು. ಅವ್ವ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಣ್ಣ ಮೇಲೆ ಹಾಕಿಕೊಂಡು ಗೊರಕೆ ಹೊಡೆದಳು.

ಮರಳ ದಂಡೆ

ಒಂದು ಮುಂಜಾನೆ ಮೋಡ ಹರಿದು ಬಿಸಿಲು ಬಿತ್ತು. ಊರಿಗೆ ಊರೇ ಸಮುದ್ರದ ದಂಡೆಗೆ ನಡೆಯಿತು, ನಾವೂ ಹೊರಟೆವು. ಬೆಳಗಾವಿಯಲ್ಲಿ ಡಿಸೆಂಬರಿನ ನಸುಕಿಗೆ ಹಾಲು ತರಲು ಹೋಗುವ ಚಳಿ ಅದು. ನಾವು ಮೂವರೂ ಸ್ವೆಟರು, ಮಂಗನ ಟೋಪಿ ಹಾಕಿಕೊಂಡಿದ್ದೆವು. ಆ ಜನ ಒಂದು ಚೂರು ಬಟ್ಟೆಯಲ್ಲಿ ಸಂಡಿಗೆಯಂತೆ ಬಿಸಿಲಿಗೆ ಮೈ ಒಡ್ಡಿದ್ದರು. ಅವ್ವ ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, "ಪಾಪ, ಹೊಚಗೊಳ್ಳಾಕ ಏನರ ಕೊಡೂಣೇನ?" ಎಂದಳು.

ದಂಡೆ ಮೈಲುಗಟ್ಟಲೆ ಖಾಲಿ ಇತ್ತು. ನಮ್ಮಲ್ಲಿ ಬಯಲಿನಲ್ಲಿ ಒಂದೇ ಸಂಸಾರ ಕೂತಿದ್ದರೆ ಅವರ ಬಾಜೂಕ್ಕೇ ಚಾಪೆ ಹಾಸುವುದು ಮರ್ಯಾದೆ, ಮಾತಿಗೂ ಆಗುತ್ತದೆ, ನೀರು ತರಲು ಹೋದಾಗ ಸಾಮಾನು ನೋಡಿಕೊಳ್ಳಲಿಕ್ಕೂ ಆಗುತ್ತದೆ. ನಾವು ಅದೇ ಪ್ರಕಾರ ಅಲ್ಲಿದ್ದ ಒಂದು ಗಂಡಹೆಂಡಿರ ಪಕ್ಕದಲ್ಲಿ ಚಾಪೆ ಬಿಡಿಸಿ, ರೊಟ್ಟಿ ಗಂಟು ಬಿಚ್ಚಿ, "ಬರ್ರಿ, ಊಟಾ ಮಾಡೂಣು" ಎಂದು ಕರೆದೆವು. ಅವರು ನಕ್ಕರು. ತಮ್ಮ ಟವೆಲು ಮಡಚಿದರು. ಇನ್ನೊಮ್ಮೆ ನಕ್ಕು ಎದ್ದು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಕೂತರು.

"ನಮಗ ಜಾಗಾ ಬಿಟ್ಟ ಕೊಟ್ರು ನೋಡು. ಭಾಳ ಚಲೋ ಮಂದಿ" ಎಂದಳು ಅವ್ವ.

ಇಷ್ಟು ದೂರ ಬಂದು ಕಡಲಿಗೆ ಇಳಿಯದಿದ್ದರೆ ಹೇಗೆಂದು ನಾನು ಪ್ಯಾಂಟು ಮಡಚಿದೆ. ಮೊಣಕಾಲಿನ ತನಕ ಇಳಿದೆ. ಅಲ್ಲಿಂದ ಕೆಳಗೆ ಕಾಲು ಇದೆಯೋ ಇಲ್ಲವೋ ತಿಳಿಯದಾಯಿತು. ದಿನವೂ ಜನರ ವಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚುತ್ತೇನೆ, ಅವರಿಗೆ ಏನಾಗುತ್ತದೆ ಎಂದು ಅವತ್ತು ತಿಳಿಯಿತು. ನಾನು ದಂಡೆಗೆ ತೆವಳಿಕೊಂಡು ಬರುವ ಹೊತ್ತಿಗೆ ಒಂದು ಕಡಲಹಕ್ಕಿ ನನ್ನ ತಾಟಿನಿಂದ ಇಡೀ ರೊಟ್ಟಿ ಎತ್ತಿಕೊಂಡು ಹಾರಿತ್ತು. ಅದನ್ನು ಕಚ್ಚಲು ಆಗದೆ ಬಂಡೆಗೆ ಕುಟ್ಟುತ್ತಿತ್ತು. ಒಳ್ಳೆಯ ಹಲ್ಲಿದ್ದವರಿಗೂ ಕಷ್ಟವಾಗುವ ರೊಟ್ಟಿ ಅದು.

ಆ ರಾತ್ರಿ ಹನ್ನೊಂದು ಗಂಟೆಗೆ ಸೂರ್ಯ ಕಡಲ ಮೇಲೆ ಬಂಗಾರದ ತಾಟಿನ ಹಾಗೆ ಕೂತಿದ್ದ. ಎದುರಿನ ಮನೆಯ ಮುದುಕ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದ. ಆಚೆ ಯಾರೋ ಹುಲ್ಲು ಕೊಯ್ಯುವ ಯಂತ್ರ ಓಡಿಸುತ್ತಿದ್ದರು. ನಾನು ತಾಟು ಹಿಡಿದು ಅವ್ವನ ಮುಂದೆ ನಿಂತೆ.

"ಅವ್ವ, ಸೂರ್ಯ ಕಾಣದಿದ್ದಾಗ ಗಡಿಯಾರ. ಒಪ್ಪಿದೆ. ಎದುರಿಗೆ ಬಂದು ನಿಂತಾಗ ಗಡಿಯಾರ ಯಾಕ?"

ಅವ್ವ ಸೂರ್ಯನನ್ನು ನೋಡಿದಳು. ಗಡಿಯಾರ ನೋಡಿದಳು. ನನ್ನನ್ನೂ ನೋಡಿದಳು. "ಖರೇ ಐತಿ. ಉಣ್ಣು" ಎಂದಳು.

ಆಹಾ, ಆ ಊಟ. ಐದು ರೊಟ್ಟಿ, ಕಡಲೆಹಿಟ್ಟಿನ ಜುಣಕ, ಹಿಂಡಿ, ಮೇಲೆ ಕುಂದಾ. ಆಮೇಲೆ ಒಂದು ಸುತ್ತು ಅಡ್ಡಾಡಿ ಬಂದು ಅವಲಕ್ಕಿ. ಜೀವನದಲ್ಲಿ ಅವ್ವನ ಮುಂದೆ ಒಂದು ವಾದ ಗೆದ್ದೆನೆಂಬ ಸಂತೋಷವೂ ಹೊಟ್ಟೆಯೊಳಗೆ ಇತ್ತು. ಬೆಳಕಿನಲ್ಲೂ ಹೆಣದಂತೆ ನಿದ್ದೆ ಬಂತು.

ಚತುರ್ದಶಿ

ಮರುದಿನ ಚತುರ್ದಶಿ. ಅಷ್ಟಮಿಗೆ, ಚತುರ್ದಶಿಗೆ ಅವ್ವ ತಪ್ಪದೆ ಉಪವಾಸ ಮಾಡುತ್ತಾಳೆ. ಇಡೀ ದಿನ ಕಾಯಿಸಿ ಸೋಸಿದ ನೀರು ಬಿಟ್ಟರೆ ಏನೂ ಇಲ್ಲ. ಮರುದಿನ ಸೂರ್ಯ ಹುಟ್ಟಿದ ಮೇಲೆ ದೇವರ ದರ್ಶನ ಮಾಡಿ ಉಪವಾಸ ಬಿಡುತ್ತಾಳೆ, ಅದಕ್ಕೆ ಪಾರಣೆ ಎನ್ನುತ್ತಾರೆ. ಬಿ.ಪಿ. ಗುಳಿಗೆಯನ್ನೂ ಆವತ್ತು ಮುಟ್ಟುವುದಿಲ್ಲ, ಪಾರಣೆಯಾದ ಮೇಲೆಯೇ. ಮನೆಯಲ್ಲಿ ಇದು ವರ್ಷಾನುಗಟ್ಟಲೆ ನಡೆದದ್ದು, ಒಂದು ದಿನಕ್ಕೆ ಅವಳಿಗೆ ಏನೂ ಆಗುವುದಿಲ್ಲ.

ಅವ್ವ ಮನೆಯ ಮುಂದಿನ ಮರದ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಶಾಂತವಾಗಿ ಜಪ ಮಾಡಿದಳು. ನಾನು ಬಿಸಿಲಲ್ಲಿ ಅಡ್ಡಾಡಿದೆ, ಉಂಡೆ, ಮತ್ತೆ ಉಂಡೆ. ಅವ್ವನ ಉಪವಾಸದ ದಿನ ಎದುರಿಗೆ ಕೂತು ತಿನ್ನಲು ನಾಚಿಕೆಯಾಗಿ ಗೋಡೆಯ ಆಚೆ ನಿಂತು ಉಂಡೆ. ನಡುರಾತ್ರಿಯಲ್ಲೂ ಸೂರ್ಯ ಕಡಲಿಗೆ ಇಳಿಯಲಿಲ್ಲ. ನೀರಿನ ತನಕ ಬಂದು, ಸ್ವಲ್ಪ ಬಲಕ್ಕೆ ಸರಿದು, ಮತ್ತೆ ಮೇಲೇರಿದ. ಎಷ್ಟು ಚೆಂದ ಎಂದು ಪದ್ಮಜಾ ಫೋಟೋ ತೆಗೆದಳು. ಅದರ ಅರ್ಥವೇನೆಂದು ನಮಗೆ ಆಗ ಹೊಳೆಯಲಿಲ್ಲ.

ಇನ್ನೂ ಚತುರ್ದಶಿ

ಮುಂಜಾನೆ ಪದ್ಮಜಾ ಹೆಸರುಬೇಳೆಯ ತಿಳಿ, ಮೆತ್ತಗಿನ ಅನ್ನ ಮಾಡಿ ಅವ್ವನನ್ನು ಪಾರಣೆಗೆ ಕರೆಯಲು ನನ್ನನ್ನು ಕಳಿಸಿದಳು. ಅವ್ವ ಮಿಂದು ಮಡಿಯುಟ್ಟು ಜಗಲಿಯಲ್ಲಿ ಕೂತಿದ್ದಳು.

"ಏಳವ್ವ. ಪಾರಣಿ ಮಾಡು."

"ಸೂರ್ಯ ಹುಟ್ಟಲಿ."

"ಅಲ್ಲೆ ಅದಾನಲ್ಲವ್ವ, ಎದುರಿಗೆ."

"ಅಂವ ನಿನ್ನಿ ಸೂರ್ಯ" ಎಂದಳು ಅವ್ವ.

ನಾನು ತಿರುಗಿ ಸೂರ್ಯನನ್ನು ನೋಡಿದೆ.

"ಮುಳುಗಿದಾನೇನು? ಇಲ್ಲ. ನಾ ಕಣ್ಣಾರೆ ನೋಡೀನಿ. ಮುಳಗದ ಹ್ಯಾಂಗ ಹುಟ್ಟತಾನ? ನಿನ್ನಿ ದಿವಸಾನ ಇನ್ನೂ ಮುಗದಿಲ್ಲ. ಚತುರ್ದಶಿ ನಡದೈತಿ."

"ಗಡಿಯಾರದಾಗ ಏಳ ಹೊಡದಾವವ್ವ."

"ಎದುರಿಗೆ ಬಂದು ನಿಂತಾಗ ಗಡಿಯಾರ ಯಾಕ? ನೀನ ಹೇಳಿದಿಯಲ್ಲೊ."

ಅವ್ವ ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಹಟಕ್ಕೂ ಅಲ್ಲ. ಮಗ ನ್ಯಾಯವಾಗಿ ವಾದ ಮಾಡಿ ತೋರಿಸಿದ್ದನ್ನು ಅವಳು ನ್ಯಾಯವಾಗಿಯೇ ಒಪ್ಪಿಕೊಂಡಿದ್ದಳು. ತಿನ್ನುವಾಗ ಒಂದು ನಿಯಮ, ಉಪವಾಸ ಬಿಡುವಾಗ ಒಂದು ನಿಯಮ ಮಾಡಿಕೊಳ್ಳುವ ಸ್ವಭಾವ ನನ್ನದು, ಅವಳದಲ್ಲ.

ಮಧ್ಯಾಹ್ನದ ತನಕ ನಾನು ಎಲ್ಲ ದಾರಿ ನೋಡಿದೆ. ಬೆಳಗಾವಿಯಲ್ಲಿ ಸೂರ್ಯ ಹುಟ್ಟಿ ಆಗಿದೆಯಲ್ಲ ಎಂದೆ. "ಬೆಳಗಾವಿ ಸೂರ್ಯ ಬೆಳಗಾವ್ಯಾಗ ಇದ್ದವರಿಗೆ" ಎಂದಳು. ಕೈಹಿಡಿದು ನಡೆಸಿಕೊಂಡು ಹೋಗಿ ಗುಡ್ಡದ ನೆರಳಿನಲ್ಲಿ ನಿಲ್ಲಿಸಿ, ನೋಡು ಮುಳುಗಿತು ಎಂದೆ. "ಮಬ್ಬ ಆಗೀಯೇನ? ಗುಡ್ಡದ ಹಿಂದ ನಾವ ಬಂದೇವಿ, ಅಂವ ಹೋಗಿಲ್ಲ" ಎಂದು ತಾನೇ ತಿರುಗಿ ನಡೆದಳು. ಕೊನೆಗೆ ಊರಿನ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರಿಗೆ ಫೋನು ಹಚ್ಚಿದೆ.

"ಮುಳಗಂಗೇ ಇಲ್ಲಂದ್ರ ಹ್ಯಾಂಗ್ರಿ ಡಾಕ್ಟರ್ರ? ಫೋಟೋ ಕಳಸ್ರಿ ನೋಡೂಣು" ಎಂದರು ಉಪಾಧ್ಯೆ. ಕಳಿಸಿದೆ. "ಇದು ಮುಂಜಾನಿದೇನ್ರಿ, ಸಂಜಿದೇನ್ರಿ?" ಎಂದು ಕೇಳಿದರು. ಅದೇ ಗೊತ್ತಾಗುತ್ತಿಲ್ಲ ಎಂದೆ. ಅವರು "ಅಮ್ಮಾರ ಮನಸ್ಸಿಗೆ ಏನ್ ಒಪ್ಪತೈತಿ ಹಂಗ ಮಾಡ್ರಿ. ಆದ್ರ ಅವ್ರು ಹೇಳೂದ ತಪ್ಪಂತೂ ಅಲ್ಲ ನೋಡ್ರಿ" ಎಂದು ಫೋನಿಟ್ಟರು. ಅವ್ವನಿಗೆ ಸಮಾಧಾನವಾಯಿತು. ನನಗೆ ಇನ್ನಷ್ಟು ಹೆದರಿಕೆಯಾಯಿತು.

ಪದ್ಮಜಾ ಹೆಚ್ಚು ಮಾತಾಡುವವಳಲ್ಲ. ಮುಟ್ಟದೆ ಆರಿಹೋದ ಅನ್ನ ನೋಡಿ ಅವಳ ಕಣ್ಣು ತುಂಬಿತು. "ನಿಮ್ಮ ಹೊಟ್ಟಿ ಸಲುವಾಗಿ ಇಷ್ಟ ದೂರ ಬಂದ್ವಿ. ಅತ್ತಿಗೇನರ ಆತಂದ್ರ ಆ ಹೊಟ್ಟಿ ತಗೊಂಡ ಏನ್ ಮಾಡ್ತೀರಿ?" ಎಂದಳು.

ನಾನು ಅವತ್ತು ಏನೂ ತಿನ್ನಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಸಂಜೆಯ ಹೊತ್ತಿಗೆ ಅವ್ವ ಕುರ್ಚಿಯಲ್ಲೇ ತಲೆ ಒರಗಿಸಿದ್ದಳು. ತುಟಿ ಒಣಗಿದ್ದವು, ಜಪಮಾಲೆ ಮಾತ್ರ ಬೆರಳ ಸಂದಿಯಲ್ಲಿ ನಿಧಾನಕ್ಕೆ ಸರಿಯುತ್ತಿತ್ತು. ಕಾಲು ಮುಟ್ಟಿ ನೋಡಿದೆ, ತಣ್ಣಗಿತ್ತು. ಗುಳಿಗೆಯಾದರೂ ತಗೊ ಎಂದು ಬೇಡಿಕೊಂಡೆ. "ಅಂಜಬ್ಯಾಡ, ಮುಳಗತಾನ. ಎಷ್ಟೊತ್ತಂತ ನಿಲ್ತಾನ ಅವನರ?" ಎಂದು ನನಗೇ ಸಮಾಧಾನ ಹೇಳಿದಳು. ನನಗೆ ಅಳು ಬಂತು. ಇಷ್ಟು ಚೆಂದದ ಸೂರ್ಯನನ್ನು ನಾನು ಯಾವತ್ತೂ ಅಷ್ಟು ಬೈದಿಲ್ಲ.

ಅವ್ವನ ಕೋಣೆ

ಆ ಹೊತ್ತಿಗೆ ಬೆರಿತ್ ಬಂದಳು. ಎರಡು ದಿನದಿಂದ ಅವ್ವ ಹೆಚ್ಚುಕಡಿಮೆ ಜಗಲಿಯಲ್ಲೇ ಕೂತಿದ್ದನ್ನು ಆಕೆ ಕಿಟಕಿಯಿಂದ ನೋಡಿದ್ದಳು. ಅಮ್ಮನಿಗೆ ನನ್ನ ಮನೆ ಇಷ್ಟವಾಗಲಿಲ್ಲವೇ ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ: ಉಪವಾಸ, ಪಾರಣೆ, ನಿನ್ನೆಯ ಸೂರ್ಯ. ಬೆರಿತ್ ಕಡಲ ಮೇಲಿನ ಸೂರ್ಯನನ್ನು ನೋಡಿದಳು. ಆಮೇಲೆ ಒಂದೊಂದೇ ಮಾತು ತೂಗಿ, "ಹಾಗಾದರೆ ಅವನು ಮುಳುಗಲು ಜುಲೈ ಅರ್ಧ ಮುಗಿಯುವ ತನಕ ಕಾಯಬೇಕಾಗುತ್ತದೆ" ಎಂದಳು.

ಆಕೆ ತಮಾಷೆ ಮಾಡುತ್ತಿರಲಿಲ್ಲ. ಆ ಜನಕ್ಕೆ ಕೇಳಿದ್ದಕ್ಕೆ ಉತ್ತರ ಕೊಡುವುದು ಗೊತ್ತು, ಅಷ್ಟೇ.

ಎರಡು ದಿನದಿಂದ ಅವ್ವನಿಗೆ ನಿದ್ದೆಯೂ ಇಲ್ಲ, ಅದಕ್ಕೇ ಇನ್ನಷ್ಟು ಸುಸ್ತಾಗಿದ್ದಾಳೆ ಎಂದು ಪದ್ಮಜಾ ಹೇಳಿದಳು. ಯಾಕೆ ನಿದ್ದೆಯಿಲ್ಲ ಎಂದು ಬೆರಿತ್ ಕೇಳಿದಳು. ಬೆಳಕು ಎಂದೆವು. ಬೆರಿತ್ ನಮ್ಮನ್ನು ವಿಚಿತ್ರವಾಗಿ ನೋಡಿ, ಅವ್ವನ ಕೋಣೆಗೆ ಹೋಗಿ, ಕಿಟಕಿಯ ಮೇಲಿದ್ದ ಉದ್ದನೆಯ ಡಬ್ಬಿಯಿಂದ ಜೋತಿದ್ದ ದಾರ ಎಳೆದಳು. ಡಬ್ಬಿಯೊಳಗಿಂದ ಕರೀ ಪಡದೆ ಸರಸರ ಇಳಿದು ಕೆಳಗಿನ ತನಕ ಮುಚ್ಚಿತು. ಕೋಣೆ ಕಗ್ಗತ್ತಲಾಯಿತು. ಪ್ರತಿ ಕಿಟಕಿಯ ಮೇಲೂ ಅಂಥ ಡಬ್ಬಿ ಇತ್ತು. ಅದು ಟ್ಯೂಬ್‌ಲೈಟ್ ಇರಬೇಕು, ಹಾಳಾಗಿದೆ ಎಂದುಕೊಂಡು ನಾವು ಇಷ್ಟು ದಿನ ಶಾಲು ಚುಚ್ಚಿದ್ದೆವು.

ಸದ್ದಿಗೆ ಅವ್ವ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. ಕತ್ತಲೊಳಗೆ ಇಣುಕಿ ನೋಡಿ, ಇದೇನೆಂದು ಬೆರಿತ್‌ಗೆ ಮರಾಠಿಯಲ್ಲಿ ಕೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ.

"ಬೇಸಿಗೆಯಲ್ಲಿ ನಮಗೆ ರಾತ್ರಿ ಬರುವುದಿಲ್ಲ. ನಾವೇ ಮಾಡಿಕೊಳ್ಳುತ್ತೇವೆ" ಎಂದಳು ಬೆರಿತ್. "ಚಳಿಗಾಲದಲ್ಲಿ ಸೂರ್ಯನೇ ಬರುವುದಿಲ್ಲ. ಆಗ ದೀಪ ಹಚ್ಚಿ ಹಗಲು ಮಾಡಿಕೊಳ್ಳುತ್ತೇವೆ. ಎಲ್ಲವನ್ನೂ ಅವನಿಗೇ ಬಿಟ್ಟರೆ ಇಲ್ಲಿ ಬದುಕಲು ಆಗುವುದಿಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ಅವ್ವ ಒಳಗೆ ಹೋಗಿ ಮಂಚದ ಮೇಲೆ ಕೂತಳು. ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಧ್ವನಿ ಮಾತ್ರ ಬಂತು.

"ಸುಕ್ಯಾ, ಇಲ್ಲೆ ಸೂರ್ಯ ಕಾಣತಾನೇನು?"

"ಇಲ್ಲವ್ವ."

"ಸೂರ್ಯ ಕಾಣದಿದ್ರ ಏನ್ ನೋಡಬೇಕು?"

"ಗಡಿಯಾರ" ಎಂದೆ.

"ಎಷ್ಟಾಗೇತಿ?"

"ಒಂಬತ್ತಾತವ್ವ."

"ಹಂಗಾದ್ರ ಹೊತ್ತ ಮುಳಗಿ ಭಾಳೊತ್ತಾತು" ಎಂದು ಅವ್ವ ಮಲಗಿಕೊಂಡಳು. "ಬಾಗಲಾ ಹಾಕ್ಕೋರಿ. ಮುಂಜಾನಿ ಆರಕ್ಕ ಕರೀರಿ."

ಅವ್ವ ಮಲಗಿದಳು, ನಾವು ಮಲಗಲಿಲ್ಲ. ಬೆರಿತ್ ಕೂಡ ತನ್ನ ಮನೆಗೆ ಹೋಗದೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಳು. ಆರಕ್ಕೆ ಬಾಗಿಲು ತೆರೆದೆ. ಅವ್ವ ಆಗಲೇ ಎದ್ದು, ಕೈಮುಗಿದುಕೊಂಡು, ಮುಚ್ಚಿದ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಬೆರಿತ್ ಪಡದೆ ಎತ್ತಿದಳು. ಬಿಸಿಲು ಮೊದಲು ಅವ್ವನ ಪಾದಕ್ಕೆ ಬಿತ್ತು, ಆಮೇಲೆ ಸೀರೆಗೆ, ಆಮೇಲೆ ಮುಖಕ್ಕೆ. ಬ್ಯಾಗಿನಲ್ಲಿ ತಂದಿದ್ದ ದೇವರ ಫೋಟೋಕ್ಕೆ ನಮಸ್ಕಾರ ಮಾಡಿ ಅವ್ವ ನೀರು ಕುಡಿದಳು, ಹೆಸರುಬೇಳೆಯ ತಿಳಿ ಉಂಡಳು, ಗುಳಿಗೆ ನುಂಗಿದಳು. ಪದ್ಮಜಾ ಅತ್ತು ಮುಗಿಸಿ ನನಗೂ ಅನ್ನ ಬಡಿಸಿದಳು. ಬೆರಿತ್‌ಗೆ ಅವ್ವ ತನ್ನ ಕೈಯಿಂದ ಕುಂದಾ ತಿನ್ನಿಸಿದಳು. "ಹ್ಯಾಂಗೈತಿ?" ಎಂದರೆ ಆಕೆ ಸರ್ರ್ ಎಂದು ಉಸಿರೆಳೆದಳು, ಆ ಉಸಿರಿನ ಜೊತೆ ಇನ್ನೊಂದು ತುಂಡೂ ಒಳಗೆ ಹೋಯಿತು.

ಕೊನೆಯ ಸಂಜೆ

ಇಲ್ಲಿಗೆ ಕಷ್ಟ ತೀರಿತು ಎಂದುಕೊಂಡೆ. ಅವ್ವನ ಕೈಗೆ ದಾರ ಸಿಕ್ಕಿದ್ದನ್ನು ಮರೆತಿದ್ದೆ.

ಅಂದಿನಿಂದ ಏಳು ಹೊಡೆಯುತ್ತಿದ್ದಂತೆ ಅವ್ವ ಕೋಣೆಯಿಂದ ಕೋಣೆಗೆ ಹೋಗಿ ಎಲ್ಲ ಪಡದೆ ಇಳಿಸುತ್ತಿದ್ದಳು. ಮನೆ ಕತ್ತಲಾಗುತ್ತಿತ್ತು. "ಸೂರ್ಯ ಕಾಣವಲ್ಲ, ಗಡಿಯಾರ ನೋಡು" ಎನ್ನುತ್ತಿದ್ದಳು. ಹೊರಗೆ ಜಗಲಿಗೆ ಹೋಗಿ ಬಿಸಿಲಲ್ಲಿ ಉಣ್ಣುತ್ತೇನೆ ಎಂದರೆ, "ಹೋಗು. ಆದ್ರ ಅಡಗಿಮನ್ಯಾಗ ರಾತ್ರಿ ಆಗೇತಿ, ಅಲ್ಲಿಂದ ಅನ್ನ ತರಾಕ ಬರಂಗಿಲ್ಲ" ಎಂದಳು. ಹಿಂಡಲಗಾದ ಜೈಲಿನಲ್ಲೂ ಕೈದಿಗಳಿಗೆ ಸೂರ್ಯ ಮುಳುಗಿದ ಮೇಲೆ ಕತ್ತಲಾಗುತ್ತದೆ, ನನಗೆ ಅವ್ವ ಮುಳುಗಿಸಿದಾಗ. ಹೊರಗೆ ಜಗತ್ತೆಲ್ಲ ಬಿಸಿಲಲ್ಲಿ ಕೂತು ತಿನ್ನುತ್ತಿತ್ತು, ನಾನು ಒಳಗೆ ಹಸಿದು ಮಗ್ಗಲು ಬದಲಿಸುತ್ತಿದ್ದೆ. ಆದರೂ ಪಕ್ಕದ ಕೋಣೆಯಿಂದ ಅವ್ವನ ಗೊರಕೆ ಕೇಳಿದರೆ ನೆಮ್ಮದಿಯಾಗುತ್ತಿತ್ತು.

ಕೊನೆಯ ದಿನ ನಾನು ಪದ್ಮಜಾ ಇಬ್ಬರೂ ಹಿಂದಿನ ಗುಡ್ಡ ಹತ್ತಲು ಹೋದೆವು. ಮೇಲಿಂದ ದ್ವೀಪಗಳೆಲ್ಲ ಕಾಣುತ್ತವೆ ಎಂದು ಬೆರಿತ್ ಹೇಳಿದ್ದಳು. ದ್ವೀಪ ಕಂಡವು. ಇಳಿಯುವಾಗ ದಾರಿ ತಪ್ಪಿತು. ಹಸಿರು ಹುಲ್ಲೆಂದು ಕಾಲಿಟ್ಟದ್ದು ಕೆಸರಿನ ಹೊಂಡ, ನನ್ನ ಒಂದು ಬೂಟು ಅದರೊಳಗೇ ಉಳಿಯಿತು. ಒಂದು ಬೂಟು, ಒಂದು ಕಾಲುಚೀಲದಲ್ಲಿ ಕುಂಟುತ್ತ ಊರು ಮುಟ್ಟಿದಾಗ ಏಳು ಹೋಗಿ ಎಷ್ಟೋ ಹೊತ್ತಾಗಿತ್ತು. ಮುಂಜಾನೆ ತಿಂದದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಇನ್ನು ನಾಳೆಯೇ ಊಟ ಎಂದುಕೊಂಡು ಬಾಗಿಲು ತೆರೆದೆ.

ಅಡುಗೆಮನೆಯ ತುಂಬ ಬಿಸಿಲಿತ್ತು. ಮೇಜಿನ ಮೇಲೆ ಎರಡು ತಾಟು, ರೊಟ್ಟಿ, ಪಲ್ಯ, ಮುಚ್ಚಿಟ್ಟ ಅನ್ನ. ಕಿಟಕಿಯ ಬಾಜೂಕ್ಕೆ ಅವ್ವ ನಿಂತಿದ್ದಳು, ಒಂದು ಕೈಯಲ್ಲಿ ಪಡದೆಯ ದಾರ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಇನ್ನೊಂದು ಕೈಯಲ್ಲಿ ಸೊಂಟ ಒತ್ತಿಕೊಂಡಿದ್ದಳು.

"ಇಷ್ಟೊತ್ತಾದ್ರೂ ಮಲಗಿಲ್ಲೇನವ್ವ?"

"ಹೊತ್ತ ಮುಳಗಿದ ಮ್ಯಾಲ ಮಲಗತೀನಿ."

"ಯಾವಾಗ ಮುಳಗತೈತಿ?"

"ನೀವಿಬ್ರೂ ಉಂಡ ಮ್ಯಾಲ" ಎಂದಳು ಅವ್ವ. "ಕುಂದರು. ಆರಾಮ ಉಣ್ಣು. ಗಡಬಡಿ ಮಾಡಬ್ಯಾಡ."

ಕೂತೆವು. ನಾನು ನಾಲ್ಕು ರೊಟ್ಟಿ ತಿಂದೆ, ಅವ್ವ ಇನ್ನೊಂದು ಹಾಕಿಕೊ ಎಂದಳು, ಹಾಕಿಕೊಂಡೆ. ಅನ್ನ ಉಂಡೆ. ಅಷ್ಟೂ ಹೊತ್ತು ಅವಳು ದಾರ ಬಿಡಲಿಲ್ಲ, ಎಳೆಯಲೂ ಇಲ್ಲ. ನಾವು ಕೈತೊಳೆದು ಬಂದ ಮೇಲೆ, "ಆತಲ್ಲ?" ಎಂದು ಕೇಳಿದಳು. ಆಯಿತು ಎಂದೆ.

ಅವ್ವ ಸೂರ್ಯನನ್ನು ಮುಳುಗಿಸಿ ಮಲಗಲು ಹೋದಳು.